ಬಾವಿಯ ನೀರು, ಗಾಳಿಯ ಭಾರ, ರೈತನ ಕೈ

ಉಳುಮೆಗೆ ನೆಲವು ಹದಕ್ಕೆ ಬಂದಿದೆಯೆ ಇಲ್ಲವೆ ಎಂಬುದನ್ನು ತಿಳಿಯಲು ನಮ್ಮ ಕಡೆಯ ಯಜಮಾನರು ಯಾವ ಪುಸ್ತಕವನ್ನೂ ತೆರೆಯುವುದಿಲ್ಲ. ನೇಗಿಲು ಮುಟ್ಟುವ ಆಳದಿಂದ ಒಂದು ಹಿಡಿ ಮಣ್ಣನ್ನು ತೆಗೆದು, ಅಂಗೈಯಲ್ಲಿ ಅದುಮಿ ಉಂಡೆ ಮಾಡಿ, ಎದೆಯ ಮಟ್ಟದಿಂದ ಕೆಳಕ್ಕೆ ಬಿಡುತ್ತಾರೆ. ಉಂಡೆಯೇ ಕಟ್ಟದಿದ್ದರೆ ನೆಲವು ಒಣಗಿದೆ. ಬಿದ್ದ ಉಂಡೆ ಒಡೆಯದೆ ಚಪ್ಪಟೆಯಾದರೆ ಇನ್ನೂ ಹಸಿ ಇದೆ. ಪುಡಿಯಾಗಿ ಚೆದುರಿದರೆ ಅದೇ ಹದ. ಮಣ್ಣನ್ನು ತೂಗಿ, ಒಣಗಿಸಿ, ಮತ್ತೆ ತೂಗಿ, ತೇವವು ನೂರಕ್ಕೆ ಇಷ್ಟೆಂದು ಲೆಕ್ಕ ಹಾಕುವುದನ್ನು ವ್ಯವಸಾಯ ಶಾಸ್ತ್ರದ ತರಗತಿಯಲ್ಲಿ ಕಲಿತು ಬಂದ ನಾನು, ಮೊದಲನೆಯ ವರ್ಷವೇ ಈ ಉಂಡೆಯ ಪರೀಕ್ಷೆಯ ಮುಂದೆ ಸೋತೆನೆಂದು ಹೇಳಲು ನಾಚುವುದಿಲ್ಲ. ನನ್ನ ಲೆಕ್ಕವು ಮರುದಿನ ಸಂಜೆಗೆ ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ಅವರ ಉಳುಮೆ ಮುಗಿದಿರುತ್ತಿತ್ತು.

ಈ ತಿಳಿವಳಿಕೆಗೆ ಭೌತಶಾಸ್ತ್ರವೆಂಬ ಹೆಸರನ್ನು ಯಾರೂ ಇಟ್ಟಿಲ್ಲವಾದರೂ ಅದು ಭೌತಶಾಸ್ತ್ರವೇ ಸರಿ. ಗಾಡಿಗೆ ಹುಲ್ಲು ಹೇರುವವನು ಹೊರೆ ಹಿಂದಕ್ಕೆ ಹೆಚ್ಚಿದರೆ ಮೂಕಿ ಮೇಲೇಳುವುದೆಂದೂ, ಮುಂದಕ್ಕೆ ಹೆಚ್ಚಿದರೆ ಎತ್ತಿನ ಹೆಗಲು ಕುಸಿಯುವುದೆಂದೂ ಬಲ್ಲನು. ಏತದ ಮರದ ಮೇಲೆ ಹಿಂದೆ ಮುಂದೆ ನಡೆಯುತ್ತಿದ್ದ ಆಳು ತನ್ನ ಒಂದು ಹೆಜ್ಜೆಗೆ ಬಾನಿ ಎಷ್ಟು ಏರುವುದೆಂದು ಕಾಲಿನಿಂದಲೇ ಅರಿತಿದ್ದನು. ಉಪ್ಪಾರಹಳ್ಳಿ ಎಂಬ ಹೆಸರೇ ಇಂಥ ಒಂದು ಅರಿವಿನ ಗುರುತು. ಚೌಳು ಮಣ್ಣನ್ನು ನೀರಿನಲ್ಲಿ ಕದಡಿ ತಿಳಿಯನ್ನು ಬಸಿದು ಉಪ್ಪು ತೆಗೆಯುತ್ತಿದ್ದವರು ಉಪ್ಪಾರರು. ಆ ಕಸುಬು ನಿಂತ ಮೇಲೆ ಅವರು ಗೋಡೆಯ ಕೆಲಸಕ್ಕೂ ಮಣ್ಣಿನ ಕೆಲಸಕ್ಕೂ ಕೈಹಾಕಿದರು. ಆ ಹೆಸರನ್ನು ಹೊತ್ತ ಹಳ್ಳಿಯು ಈಗ ತುಮಕೂರು ನಗರದೊಳಗೆ ಸೇರಿಹೋಗಿದೆ. ಆದರೂ ಅಲ್ಲಿಯ ಕೆಲವು ಮನೆತನದವರಿಗೆ ಊರ ಹೊರಗೆ, ಗುಬ್ಬಿಯ ದಿಕ್ಕಿನಲ್ಲಿ, ತೆಂಗಿನ ತೋಟಗಳು ಉಳಿದಿವೆ. ನಾನು ಈಗ ಹೇಳಹೊರಟಿರುವುದು ಅಂಥ ಒಂದು ತೋಟದ ಬಾವಿಯ ವಿಷಯ.

ಅನುಭವದಿಂದ ಬಂದ ಅರಿವು ಹಳೆಯ ಸಲಕರಣೆಯಲ್ಲಿ ಎಷ್ಟು ಗಟ್ಟಿಯೋ ಹೊಸ ಯಂತ್ರದ ಮುಂದೆ ಅಷ್ಟೇ ಮೋಸಹೋಗುವುದುಂಟು. ಆ ತೋಟದ ಯಜಮಾನರಿಗೆ ಆದದ್ದೂ ಇದೇ. ಸುತ್ತಲಿನ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದ್ದವು. ಒಂದು ವರ್ಷ ಮಳೆ ಚೆನ್ನಾಗಿ ಆಗಿ, ಅವರ ತಂದೆಯ ಕಾಲದ ತೆರೆದ ಬಾವಿಗೆ ನೀರು ಬಂದಿತು. ಅವರು ಸಂತೋಷದಿಂದ ದಡದ ಮೇಲೆ ಐದು ಕುದುರೆ ಶಕ್ತಿಯ ವಿದ್ಯುತ್ ಪಂಪೊಂದನ್ನು ಕೂರಿಸಿದರು. ನೀರು ಬರಲಿಲ್ಲ. ಫುಟ್‌ವಾಲ್ವ್ ಸರಿಯಿಲ್ಲವೆಂದು ಮೂರು ಸಲ ಬದಲಾಯಿಸಿದರು. ಬಳಿಕ ಮಾರಿದವರು ಮೋಟಾರಿಗೆ ಶಕ್ತಿ ಸಾಲದೆಂದು ಹೇಳಿ, ಐದರದನ್ನು ಹಿಂದಕ್ಕೆ ಪಡೆದು, ಮೇಲೆ ಹಣ ಹಾಕಿಸಿಕೊಂಡು ಏಳೂವರೆಯದನ್ನು ಕೊಟ್ಟರು. ಅದೂ ಒಣಗಾಳಿಯನ್ನೇ ಉಗುಳಿತು. ಅಷ್ಟರಲ್ಲಿ ಮೂರು ತಿಂಗಳು ಕಳೆದು, ಹೊಸದಾಗಿ ನೆಟ್ಟಿದ್ದ ಅಡಿಕೆ ಸಸಿಗಳು ಒಣಗತೊಡಗಿದ್ದವು. ನಾನು ಹೋದ ದಿನ ಅವರು ಹೇಳಿದ ಮಾತು ಇದು: “ಸ್ವಾಮಿ, ಹತ್ತು ಕುದುರೆಯದನ್ನು ತರಬೇಕೆನ್ನುತ್ತಾರೆ. ತೋಟದ ಮೇಲೆ ಸಾಲ ಎತ್ತುವುದೋ, ತೋಟವನ್ನೇ ಬಿಡುವುದೋ ತಾವೇ ಹೇಳಬೇಕು.”

ಪಕ್ಕದಲ್ಲಿ ನಿಂತಿದ್ದ ಅವರ ಮನೆಯ ಹಳೆಯ ಆಳು, ಎಂಬತ್ತರ ಹತ್ತಿರದ ಮುದುಕನು, ನಡುವೆ ಬಾಯಿ ಹಾಕಿದನು. “ಸ್ವಾಮಿ, ಇವರಪ್ಪಾರ ಕಾಲದಾಗೆ ಇದೇ ಬಾವೀಲಿ ನಾನೇ ಕಪಿಲೆ ಹೊಡೀತಿದ್ದೆ. ಎರಡು ಎತ್ತು ಎತ್ತಿದ ನೀರ ಏಳೂವರೆ ಕುದುರೆ ಎತ್ತಾಕಿಲ್ವಾ?”

ಇದು ನಗುವ ಮಾತಲ್ಲ. ಆ ಮೂರು ತಿಂಗಳಲ್ಲಿ ಆ ಬಾವಿಯ ದಡದಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಇದೊಂದೇ. ನಾನು ಹಗ್ಗಕ್ಕೆ ಕಲ್ಲು ಕಟ್ಟಿಸಿ ಇಳಿಬಿಡಿಸಿದೆನು. ಪಂಪಿನಿಂದ ನೀರಿನ ಮಟ್ಟಕ್ಕೆ 33 ಅಡಿ. ಅಷ್ಟು ಹಣ ಖರ್ಚಾಗುವವರೆಗೂ ಈ ಒಂದು ಅಳತೆಯನ್ನು ಯಾರೂ ಮಾಡಿರಲಿಲ್ಲ. ಪಂಪೆಂದರೆ ನೀರನ್ನು ಸೆಳೆಯುವ ಯಂತ್ರ, ಶಕ್ತಿ ಹೆಚ್ಚಿದಷ್ಟೂ ಹೆಚ್ಚು ಆಳದಿಂದ ಸೆಳೆಯುತ್ತದೆ ಎಂಬುದು ಎಲ್ಲರ ನಂಬಿಕೆಯಾಗಿತ್ತು. ಈ ನಂಬಿಕೆ ತಪ್ಪು ಎಂದು ನಾನು ಬಾಯಿಂದ ಹೇಳಿದ್ದರೆ ಯಜಮಾನರು ಮರ್ಯಾದೆಗಾಗಿ ತಲೆಯಾಡಿಸಿ, ನಾನು ಹೋದ ಮೇಲೆ ಹತ್ತು ಕುದುರೆಯದನ್ನೇ ತರುತ್ತಿದ್ದರು. ಆದುದರಿಂದ ಹೇಳುವುದನ್ನು ಬಿಟ್ಟು ಮಾಡಿಸುವುದನ್ನು ಹಿಡಿದೆನು.

ಮೊದಲು ಒಂದು ಗಾಜಿನ ಸೀಸೆಗೆ ಕುತ್ತಿಗೆಯವರೆಗೆ ನೀರು ತುಂಬಿಸಿ, ಮುಚ್ಚಳದಲ್ಲಿ ತೂತು ಮಾಡಿ, ಪರಂಗಿ ಎಲೆಯ ಟೊಳ್ಳು ತೊಟ್ಟನ್ನು ಅದರಲ್ಲಿ ಇಳಿಸಿ, ಸುತ್ತಲೂ ಮೇಣ ಮೆತ್ತಿ, ಗಾಳಿಯಾಡದಂತೆ ಮಾಡಿದೆನು. ಯಜಮಾನರ ಮೊಮ್ಮಗನಿಗೆ ಅದನ್ನು ಹೀರಲು ಹೇಳಿದೆನು. ಹುಡುಗನ ಕೆನ್ನೆಗಳು ಒಳಕ್ಕೆ ಹೋದವೇ ಹೊರತು ನೀರು ಬರಲಿಲ್ಲ. ಯಜಮಾನರೂ ಪ್ರಯತ್ನಿಸಿದರು, ಬರಲಿಲ್ಲ. ಆಮೇಲೆ ಮುಚ್ಚಳಕ್ಕೆ ಮೊಳೆಯಿಂದ ಇನ್ನೊಂದು ಸಣ್ಣ ತೂತನ್ನು ಹೊಡೆದು ಮತ್ತೆ ಹೀರಿಸಿದೆನು. ಸರಾಗವಾಗಿ ಬಂದಿತು. ತೂತನ್ನು ಬೆರಳಿನಿಂದ ಮುಚ್ಚಿದರೆ ನಿಲ್ಲುವುದು, ತೆಗೆದರೆ ಬರುವುದು. ಹೀಗೆ ನಾಲ್ಕೈದು ಸಲ ಮಾಡಿದ ಮೇಲೆ ಮುದುಕನು ಸೀಸೆಯನ್ನು ಕೈಗೆ ತೆಗೆದುಕೊಂಡು, “ಹಂಗಾದ್ರೆ ಹೀರೋದು ಬಾಯಲ್ಲ, ಮ್ಯಾಗಿಂದ ಗಾಳಿ ನೂಕ್ತದೆ” ಎಂದನು. ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆನು. (ಗಾಜಿನ ಸೀಸೆಯೇ ಬೇಕು, ಪ್ಲಾಸ್ಟಿಕ್ ಸೀಸೆಯಾದರೆ ಪಕ್ಕಗಳು ಕುಗ್ಗಿ ನೀರು ಸ್ವಲ್ಪ ಬಂದುಬಿಡುವುದು, ಪ್ರಯೋಗ ಕೆಡುವುದು.)

ಗಾಳಿ ನೂಕುವುದಾದರೆ ಎಷ್ಟು ಎತ್ತರಕ್ಕೆ ನೂಕೀತು? ಇದನ್ನು ತಿಳಿಯಲು ತೋಟದಲ್ಲಿಯೇ ಇದ್ದ 45 ಅಡಿಯ ತೆಂಗಿನ ಮರವನ್ನು ಉಪಯೋಗಿಸಿಕೊಂಡೆವು. ಒಳಗೆ ಕಾಣುವಂಥ ಪ್ಲಾಸ್ಟಿಕ್ ಕೊಳವೆಯನ್ನು 40 ಅಡಿ ತರಿಸಿ, ನೀರಿನ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿ ತುಂಬಿ, ಒಂದು ತುದಿಗೆ ಮರದ ಬಿರಟೆ ಹೊಡೆದು ತಂತಿ ಬಿಗಿದು, ಇನ್ನೊಂದು ತುದಿಯನ್ನು ಬಕೆಟ್ಟಿನ ನೀರಿನಲ್ಲಿಯೇ ಇರಿಸಿ, ಬಿಗಿದ ತುದಿಯನ್ನು ಹಗ್ಗದಿಂದ ಮರದ ಮೇಲಕ್ಕೆ ಎಳೆಯತಕ್ಕದ್ದೆಂಬುದು ಏರ್ಪಾಟು. ಮೊದಲನೆಯ ಸಲ ನನ್ನ ತಪ್ಪಿನಿಂದ ಪ್ರಯೋಗವು ಕೆಟ್ಟಿತು. ಅಗ್ಗದ ತೆಳು ಕೊಳವೆಯನ್ನು ತರಿಸಿದ್ದೆನು. ಇಪ್ಪತ್ತು ಅಡಿ ಏರುವುದರೊಳಗಾಗಿಯೇ ಅದರ ಮೇಲ್ಭಾಗವು ಯಾರೋ ಹಿಂಡಿದಂತೆ ಚಪ್ಪಟೆಯಾಗಿ ಅಂಟಿಕೊಂಡಿತು. ನಾನು ಬೇಸರಪಟ್ಟುಕೊಳ್ಳುತ್ತಿರುವಾಗ ಹುಡುಗನು, “ಅದನ್ನು ಹಿಂಡಿದವರು ಯಾರು?” ಎಂದು ಕೇಳಿದನು. ಸುತ್ತಲಿನ ಗಾಳಿಯೇ ಹಿಂಡಿತ್ತು. ಕೆಟ್ಟ ಪ್ರಯೋಗವು ಒಳ್ಳೆಯದಕ್ಕಿಂತ ಹೆಚ್ಚನ್ನು ತೋರಿಸಿತು.

ಮರುವಾರ, ನೂಲಿನ ಬಲೆ ಹುದುಗಿಸಿದ ದಪ್ಪನೆಯ ಕೊಳವೆಯನ್ನು ತಂದು ಮತ್ತೆ ಎತ್ತಿಸಿದೆವು. ಬಿರಟೆ ಬಿಗಿದ ತುದಿಯು ಹತ್ತು ಅಡಿ, ಇಪ್ಪತ್ತು ಅಡಿ ಏರಿದರೂ ನೀರು ಬಿರಟೆಗೆ ಅಂಟಿಕೊಂಡೇ ಇತ್ತು. ಮೂವತ್ತನ್ನು ಸಮೀಪಿಸುವಾಗ ನೀರಿನ ತುದಿಯು ಬಿರಟೆಯನ್ನು ಬಿಟ್ಟು ನಿಂತಿತು. ಅಲ್ಲಿಂದ ಮೇಲಕ್ಕೆ ಎಷ್ಟು ಎಳೆದರೂ ಕೊಳವೆ ಏರಿತು, ನೀರು ಏರಲಿಲ್ಲ. ಮೊದಲ ದಿನ ನೀರಿನಲ್ಲಿ ಕರಗಿದ್ದ ಗಾಳಿ ಗುಳ್ಳೆಗಳಾಗಿ ಎದ್ದು ಮಟ್ಟವು 27 ಅಡಿಗೆ ಕುಸಿಯಿತು. ಕಾಯಿಸಿ ಆರಿಸಿದ ನೀರಿನಿಂದ ಮಾಡಿದಾಗ ಬಕೆಟ್ಟಿನ ನೀರಿನ ಮಟ್ಟದಿಂದ 29 ಅಡಿ 4 ಅಂಗುಲ. ಹುಡುಗನು ಆ ಎತ್ತರದಲ್ಲಿ ಮರಕ್ಕೆ ಸುಣ್ಣದ ಪಟ್ಟೆ ಬಳಿಸಿದನು. ಯಜಮಾನರು ಪಟ್ಟೆಯನ್ನು ನೋಡಿದರು, ಬಾವಿಯನ್ನು ನೋಡಿದರು, ಹತ್ತು ಕುದುರೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಲೆಕ್ಕವೂ ಇದಕ್ಕೆ ಹೊಂದುತ್ತದೆ. ಸಮುದ್ರದ ಮಟ್ಟದಲ್ಲಿ ಗಾಳಿಯ ಭಾರವು ಸುಮಾರು 34 ಅಡಿ ನೀರನ್ನು ತಾಳುತ್ತದೆ. ತುಮಕೂರು ಸಮುದ್ರದ ಮಟ್ಟದಿಂದ ಸುಮಾರು 2,700 ಅಡಿ ಮೇಲಿರುವುದರಿಂದ ಇಲ್ಲಿ ನಮ್ಮ ತಲೆಯ ಮೇಲಿನ ಗಾಳಿ ಅಷ್ಟು ಕಡಮೆ. ಚದರ ಅಂಗುಲಕ್ಕೆ ಸುಮಾರು 6 ಕಿಲೋಗ್ರಾಂ ಭಾರ, ಎಂದರೆ 31 ಅಡಿಯ ನೀರು. ಬಿಸಿಲುನಾಡಿನ ನೀರು ತನ್ನ ಆವಿಯ ಒತ್ತಡದಿಂದ ಇನ್ನೊಂದು ಅಡಿಗೂ ಹೆಚ್ಚನ್ನು ಕಳೆಯುತ್ತದೆ. ಇದು ನಿಂತ ನೀರಿನ ಮಾತು. ಹರಿಯುವ ನೀರಿಗೆ ಕೊಳವೆಯ ಉಜ್ಜಾಟ, ಬಾಗುಗಳ ತಡೆ, ಫುಟ್‌ವಾಲ್ವಿನ ತಡೆ ಎಲ್ಲವೂ ಸೇರುವುದರಿಂದ ಕೆಲಸಕ್ಕೆ 20 ಅಡಿಯನ್ನು ಮೀರಿ ನಂಬತಕ್ಕದ್ದಲ್ಲ. 15 ಅಡಿಯೊಳಗಿದ್ದರೆ ಉತ್ತಮ. ಮೋಟಾರು ಐದರದಾಗಲಿ ಐವತ್ತರದಾಗಲಿ ಈ ಮಿತಿ ಒಂದೇ. ಏಕೆಂದರೆ ನೀರನ್ನು ಪಂಪಿನವರೆಗೆ ತರುವುದು ಮೋಟಾರಲ್ಲ, ಗಾಳಿ.

ಮುದುಕನ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಕಪಿಲೆಯ ಚರ್ಮದ ಚೀಲವು ತಾನೇ ನೀರಿನವರೆಗೆ ಇಳಿದು ತುಂಬಿಕೊಳ್ಳುತ್ತಿತ್ತು; ಎತ್ತುಗಳು ಎಳೆದದ್ದು ಹಗ್ಗವನ್ನು. ಹಗ್ಗವನ್ನು ಎಷ್ಟು ಆಳದಿಂದ ಬೇಕಾದರೂ ಎಳೆಯಬಹುದು. ಅದರ ಮೇಲೆ ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತ ಎಳೆಯುವುದರಿಂದ ಅವುಗಳ ಮೈಭಾರವೂ, ಹಗ್ಗದ ಮೇಲೆ ಕುಳಿತು ಬರುತ್ತಿದ್ದ ಆಳಿನ ಭಾರವೂ ಕೆಲಸಕ್ಕೆ ಒದಗುತ್ತಿದ್ದವು. ಕಪಿಲೆಯನ್ನು ಕಟ್ಟಿದವರು ಇದನ್ನೆಲ್ಲಾ ಬಲ್ಲವರಾಗಿದ್ದರು, ಬರೆದಿಡಲಿಲ್ಲ, ಅಷ್ಟೆ.

ಈ ಬಗೆಯ ಮೋಸಕ್ಕೆ ಒಳಗಾದವರು ನಾವು ಮಾತ್ರವೇ ಅಲ್ಲವೆಂಬುದನ್ನೂ ಯಜಮಾನರ ಸಮಾಧಾನಕ್ಕಾಗಿ ಹೇಳಿದೆನು. ಇಟಲಿ ದೇಶದ ಗೆಲಿಲಿಯೊ ಮಹಾಶಯನು 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸಂವಾದವಿದೆ. ಅದರಲ್ಲಿ ಬರುವ ಒಬ್ಬ ಗೃಹಸ್ಥನ ಪಂಪು, ನೀರಿನ ಮಟ್ಟ ಇಳಿದ ಕೂಡಲೇ ನಿಂತುಹೋಗುತ್ತಿತ್ತು. ಅವನು ರಿಪೇರಿಗೆ ಕರೆಸಿದ ಕೆಲಸಗಾರನು, ಪಂಪಿನಲ್ಲಿ ದೋಷವಿಲ್ಲವೆಂದೂ, ಹೀರುವ ಯಂತ್ರವು ಯಾವುದೇ ಆಗಲಿ ನೀರನ್ನು 18 ಮೊಳಕ್ಕಿಂತ ಕೂದಲೆಳೆಯಷ್ಟೂ ಮೇಲಕ್ಕೆ ತರಲಾರದೆಂದೂ ಹೇಳಿಬಿಟ್ಟನು. (ಅವರ ಮೊಳ ನಮ್ಮದಕ್ಕಿಂತ ಉದ್ದ.) ಆ ಕೆಲಸಗಾರನ ಹೆಸರು ಗ್ರಂಥದಲ್ಲಿಲ್ಲ. ಅವನ ಅಳತೆ ಸರಿಯಾಗಿತ್ತು. ಕಾರಣವನ್ನು ಊಹಿಸಿದ ಪಂಡಿತೋತ್ತಮನ ಮಾತೇ ತಪ್ಪಾಯಿತು. ಉದ್ದನೆಯ ಹಗ್ಗವು ತನ್ನ ಭಾರಕ್ಕೆ ತಾನೇ ಕಡಿಯುವಂತೆ ನೀರಿನ ಕಂಬವೂ ಕಡಿಯುವುದೆಂದು ಗೆಲಿಲಿಯೊ ತಿಳಿದಿದ್ದನು. ಅವನ ಶಿಷ್ಯ ತೊರಿಚೆಲ್ಲಿಯು ನೀರಿಗೆ ಬದಲಾಗಿ ಅದರ ಹದಿಮೂರೂವರೆ ಮಡಿ ಭಾರವುಳ್ಳ ಪಾದರಸವನ್ನು ತೆಗೆದುಕೊಂಡು, 1640ರ ದಶಕದಲ್ಲಿ ಗಾಜಿನ ನಳಿಗೆಯಲ್ಲಿ ಪ್ರಯೋಗವನ್ನು ಮಾಡಿಸಿ, ಅದು ಸುಮಾರು 76 ಸೆಂಟಿಮೀಟರಿನಲ್ಲಿ ನಿಲ್ಲುವುದನ್ನು ತೋರಿಸಿದ ಮೇಲೆ, ಇದು ಗಾಳಿಯ ಭಾರವೆಂದು ಇತ್ಯರ್ಥವಾಯಿತು. ಕೆಲಸಗಾರನ ಕೈ, ಪಂಡಿತನ ಪ್ರಶ್ನೆ, ಶಿಷ್ಯನ ಪ್ರಯೋಗ ಈ ಮೂರೂ ಬೇಕಾದವು. ನಮ್ಮ ಹಳ್ಳಿಗಳಲ್ಲಿ ಮೊದಲನೆಯದು ಬೇಕಾದಷ್ಟಿದೆ.

ಪರಿಹಾರವೇನಾಯಿತೆಂದರೆ, ಬಾವಿಯ ಒಳಗೆ ಮೆಟ್ಟಿಲಿನ ಪಕ್ಕದಲ್ಲಿ 18 ಅಡಿ ಆಳದಲ್ಲಿ ಹಿಂದಿನವರು ಕಟ್ಟಿದ್ದ ಕಲ್ಲಿನ ಕಟ್ಟೆಯೊಂದಿತ್ತು. ಪಂಪನ್ನು ಅಲ್ಲಿಗೆ ಇಳಿಸಿದೆವು. ಗಾಳಿ ನೂಕಬೇಕಾದದ್ದು 15 ಅಡಿ ಮಾತ್ರ ಉಳಿಯಿತು. ಅಲ್ಲಿಂದ ಮೇಲಕ್ಕೆ ಪಂಪು ತಳ್ಳುತ್ತದೆ, ತಳ್ಳುವುದಕ್ಕೆ ಈ ಮಿತಿಯಿಲ್ಲ. ಮೊದಲನೆಯ ದಿನವೇ ನೀರು ಬಂದಿತು. ಮಳೆಗಾಲದಲ್ಲಿ ಬಾವಿಯ ಮಟ್ಟ ಏರಿ ಕಟ್ಟೆ ಮುಳುಗುವುದಾದುದರಿಂದ ಪಂಪನ್ನು ಮೇಲೆತ್ತಲು ಮೇಲೊಂದು ಅಡ್ಡತೊಲೆ ಮತ್ತು ರಾಟೆಯನ್ನು ಹಾಕಿಸಿರುತ್ತೇವೆ. ನೀರಿನಲ್ಲಿಯೇ ಮುಳುಗಿ ಕೆಲಸ ಮಾಡುವ ಪಂಪನ್ನು ಕೊಂಡರೆ ಈ ತೊಡಕೊಂದೂ ಇಲ್ಲ. ಆದರೆ ಯಜಮಾನರ ಹಣ ಆಗಲೇ ಮುಗಿದಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೀಗೆ ಬಾವಿಯೊಳಗಿನ ಕಟ್ಟೆಗೆ ಇಳಿಸತಕ್ಕದ್ದು ವಿದ್ಯುತ್ ಪಂಪನ್ನೇ ಹೊರತು ಎಣ್ಣೆ ಎಂಜಿನ್ನನ್ನು ಎಂದಿಗೂ ಅಲ್ಲ. ಎಂಜಿನ್ನಿನ ಹೊಗೆಯಲ್ಲಿರುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾವಿಯಂಥ ಇಕ್ಕಟ್ಟಿನಲ್ಲಿ ಅದು ತುಂಬಿಕೊಂಡರೆ ಇಳಿದವನು ಕೂಗುವುದಕ್ಕೂ ಆಗದೆ ಬೀಳುವನು, ಅವನನ್ನು ಎತ್ತಲು ಇಳಿದವನೂ ಬೀಳುವನು. ಹಿರಿಯರು ದೀಪವನ್ನು ಇಳಿಬಿಟ್ಟು ಬಾವಿಯ ಗಾಳಿಯನ್ನು ಪರೀಕ್ಷಿಸುತ್ತಿದ್ದುದು ಒಳ್ಳೆಯ ಪದ್ಧತಿಯೇ. ಹಳೆಯ ಬಾವಿಯ ಕೊಳೆತ ಗಾಳಿಯಲ್ಲಿ ದೀಪ ಆರುವುದು. ಆದರೆ ಎಂಜಿನ್ನಿನ ವಿಷವಾಯುವಿನಲ್ಲಿ ದೀಪ ಆರದೆ ಉರಿಯುತ್ತಿರಬಹುದು. ಈ ಒಂದು ವಿಷಯದಲ್ಲಿ ದೀಪದ ಪರೀಕ್ಷೆಯನ್ನು ನಂಬಬಾರದು. ವಿದ್ಯುತ್ ಪಂಪಿಗೆ ಭೂಸಂಪರ್ಕದ ತಂತಿಯಿಲ್ಲದೆ ಸ್ವಿಚ್ಚು ಹಾಕತಕ್ಕದ್ದಲ್ಲವೆಂಬುದನ್ನು ಮತ್ತೆ ಹೇಳಬೇಕಾದುದಿಲ್ಲ.

ಇನ್ನು ಕುದುರೆ ಶಕ್ತಿಯ ವಿಷಯ. ಈ ಮಾತು ಎಲ್ಲರ ಬಾಯಲ್ಲಿಯೂ ಇದೆ; ಅದು ಎಷ್ಟೆಂಬುದು ಯಾರ ಮೈಗೂ ಗೊತ್ತಿಲ್ಲ. ಒಂದು ಸೆಕೆಂಡಿಗೆ ಒಂದು ಲೀಟರು ನೀರನ್ನು 75 ಮೀಟರು ಎತ್ತರಕ್ಕೆ, ಅಥವಾ 5 ಲೀಟರನ್ನು 15 ಮೀಟರು ಎತ್ತರಕ್ಕೆ ಎತ್ತುವುದು ಒಂದು ಕುದುರೆ ಶಕ್ತಿ. ಇದನ್ನು ಓದಿ ಮರೆಯುವುದಕ್ಕಿಂತ, 10 ಲೀಟರಿನ ಕೊಡವನ್ನು 33 ಅಡಿಯ ಬಾವಿಯಿಂದ ತಾವೇ ಒಂದು ಸಲ ಸೇದಿ ನೋಡಬೇಕೆಂದು ಜಮೀನುದಾರ ಮಹನೀಯರಲ್ಲಿ ಬಿನ್ನವಿಸುತ್ತೇನೆ. ಎಳೆಯುವುದಕ್ಕೆ 15 ಸೆಕೆಂಡು ಹಿಡಿದರೆ, ಆ ಹೊತ್ತಿನಲ್ಲಿ ತಮ್ಮ ಭುಜ ಮಾಡಿದ ಕೆಲಸವು ಒಂದು ಕುದುರೆ ಶಕ್ತಿಯ ಹತ್ತನೆಯ ಒಂದು ಪಾಲಿಗೆ ತುಸು ಕಡಮೆ. ಹಾಗೆ ಎಡೆಬಿಡದೆ ಸೇದುವ ಹತ್ತು ಹನ್ನೊಂದು ಮಂದಿಯನ್ನು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿದರೆ ಅದೇ ಒಂದು ಕುದುರೆ. ಏಳೂವರೆ ಕುದುರೆ ಎಂದರೆ ಎಂಬತ್ತು ಮಂದಿ! ಒಂದು ಬಾವಿಯ ದಡದಲ್ಲಿ ಎಂಬತ್ತು ಮಂದಿ ಆಳುಗಳು ನಿಂತು ಸೇದುವಷ್ಟು ನೀರು ಆ ಬಾವಿಯಲ್ಲಿ ಊರುತ್ತದೆಯೆ ಎಂದು ಕೇಳಿದಾಗ ಯಜಮಾನರು ನಕ್ಕರು.

ಒಳ್ಳೆಯ ಜೋಡಿ ಎತ್ತುಗಳ ಶಕ್ತಿ ಹೆಚ್ಚು ಕಡಮೆ ಒಂದು ಕುದುರೆಯಷ್ಟು. ಆ ತೋಟಕ್ಕೆ ಬೇಕಾದದ್ದು ಸೆಕೆಂಡಿಗೆ 5 ಲೀಟರು, ಎಂದರೆ ಎರಡು ಸೆಕೆಂಡಿನಲ್ಲಿ ಒಂದು ಕೊಡ ತುಂಬುವ ಧಾರೆ. ಬಾವಿಯ ಆಳ, ಮೇಲಿನ ತೊಟ್ಟಿಯ ಎತ್ತರ, ಕೊಳವೆಯ ಉಜ್ಜಾಟ ಎಲ್ಲ ಸೇರಿ 15 ಮೀಟರು. ಪಂಪು ಮೋಟಾರುಗಳಲ್ಲಿ ಅರ್ಧದಷ್ಟು ಶಕ್ತಿ ವ್ಯರ್ಥವಾದೀತೆಂದು ಹಿಡಿದರೂ ಎರಡು ಕುದುರೆ ಸಾಕು, ಮೂರರದಾದರೆ ನಿಶ್ಚಿಂತೆ. ಅವರು ಏಳೂವರೆಯದಕ್ಕೆ ಹಣ ತೆತ್ತಿದ್ದರು. ಹೆಚ್ಚಿನ ಶಕ್ತಿಯ ಪಂಪು ಸಣ್ಣ ಊಟೆಯ ಬಾವಿಯನ್ನು ಗಳಿಗೆಯಲ್ಲಿ ಬತ್ತಿಸಿ, ಬಳಿಕ ಒಣಗಿ ತಿರುಗಿ ಸುಟ್ಟುಕೊಳ್ಳುತ್ತದೆ. ಈಗ ಅವರು ಪಕ್ಕದ ತೋಟದವರೊಡನೆ ಅದನ್ನು ಅದಲುಬದಲು ಮಾಡಿಕೊಳ್ಳುವ ಮಾತಿನಲ್ಲಿದ್ದಾರೆ.

ಕೊಳವೆಯ ಅಗಲದ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ರಬ್ಬರು ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿದರೆ ನೀರು ದೂರಕ್ಕೆ ಚಿಮ್ಮುವುದನ್ನು ನೋಡಿ, ಸಣ್ಣ ಕೊಳವೆಯಾದರೆ ರಭಸ ಹೆಚ್ಚು ಎಂದು ಅನೇಕರು ಉದ್ದಕ್ಕೂ ಸಣ್ಣದನ್ನೇ ಹಾಕಿಸುತ್ತಾರೆ. ಬಾಯಲ್ಲಿ ಮಾತ್ರ ಕಿರಿದಾಗುವುದು ಬೇರೆ, ಉದ್ದಕ್ಕೂ ಕಿರಿದಾಗಿರುವುದು ಬೇರೆ. ದಪ್ಪ ಪರಂಗಿ ತೊಟ್ಟಿನಲ್ಲಿ ಒಮ್ಮೆ, ಅದರ ಅರ್ಧ ದಪ್ಪದ ತೊಟ್ಟಿನಲ್ಲಿ ಒಮ್ಮೆ ಜೋರಾಗಿ ಊದಿ ನೋಡಿದರೆ ಎದೆಯೇ ಹೇಳುವುದು. ಅಷ್ಟೇ ನೀರನ್ನು ಅರ್ಧ ಅಗಲದ ಕೊಳವೆಯಲ್ಲಿ ಕಳುಹಿಸಿದರೆ ಉಜ್ಜಾಟದ ನಷ್ಟವು ಸುಮಾರು ಮೂವತ್ತು ಮಡಿಗೂ ಮೇಲಾಗುತ್ತದೆ.

ತೆಂಗಿನ ಮರದಿಂದ ಇಳಿಸಿದ ಕೊಳವೆಯನ್ನು ಹುಡುಗರು ಸುಮ್ಮನೆ ಬಿಡಲಿಲ್ಲ. ನೀರು ತುಂಬಿದ್ದ ಹಾಗೆಯೇ ಒಂದು ತುದಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಇನ್ನೊಂದನ್ನು ಗೋಡೆಯ ಈಚೆಗೆ ಪಾತಿಯಲ್ಲಿ ಇಳಿಬಿಟ್ಟರು. ನೀರು ಗೋಡೆಯನ್ನು ತಾನೇ ಹತ್ತಿ ಇಳಿದು ಹರಿಯತೊಡಗಿತು. ಇದಕ್ಕೆ ಸೈಫನ್ ಎಂದು ಹೆಸರು. ತೊಟ್ಟಿಯ ನೀರಿನ ಮಟ್ಟಕ್ಕಿಂತ ಹೊರಗಿನ ತುದಿ ಕೆಳಗಿರಬೇಕು, ಕೊಳವೆಯಲ್ಲಿ ಗಾಳಿ ಇರಕೂಡದು, ನಡುವಿನ ಏರು ಮೇಲೆ ಹೇಳಿದ ಮಿತಿಯನ್ನು ಮೀರಕೂಡದು. ಇಷ್ಟಿದ್ದರೆ ಮೋಟಾರಿಲ್ಲದೆ ಸಸಿಮಡಿಗೆ ನೀರು ಹಾಯಿಸಬಹುದು.

ಕುಣಿಗಲ್ ತಾಲ್ಲೂಕಿನ ವಾಚಕರಿಗೆ ಇದು ಆಟದ ವಿಷಯವಲ್ಲ. ಅಲ್ಲಿ ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಅಣೆಕಟ್ಟಿನಲ್ಲಿ ಹೆಚ್ಚಿನ ನೀರನ್ನು ಹೊರಹಾಕುವುದು ತಾನಾಗಿ ತೊಡಗುವ ಸೈಫನ್ನುಗಳು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಹೆಸರಿನಿಂದ ಪ್ರಸಿದ್ಧವಾದ ಮಾದರಿಯದು ಇದು. ಶರಾವತಿಯ ಹಿರೇಭಾಸ್ಕರ ಅಣೆಕಟ್ಟಿನಲ್ಲಿಯೂ ಇದೇ ಬಗೆಯವನ್ನು ಹಾಕಿದ್ದರು. ಅದು ಈಗ ಲಿಂಗನಮಕ್ಕಿಯ ನೀರಿನಡಿಯಲ್ಲಿದೆ. ನೆಟ್ಟಗೆ ನಿಂತ ದೊಡ್ಡ ಕೊಳವೆಯ ತಲೆಯಲ್ಲಿ ಆಲಿಕೆಯಂಥ ಬಾಯಿ; ಅದರ ಮೇಲೆ ಕವುಚಿದ ಗುಮ್ಮಟ; ಆಲಿಕೆಯೊಳಗೆ ನೀರನ್ನು ಸುತ್ತಿಸುವ ಬಾಗಿದ ರೆಕ್ಕೆಗಳು. ಜಲಾಶಯದ ಮಟ್ಟವು ಆಲಿಕೆಯ ಅಂಚನ್ನು ದಾಟಿದಾಗ ಒಳಗೆ ಬೀಳುವ ನೀರು ಸುಳಿಯಾಗಿ ತಿರುಗಿ, ಗುಮ್ಮಟದೊಳಗಿನ ಗಾಳಿಯನ್ನು ತನ್ನೊಡನೆ ಕೆಳಕ್ಕೆ ಒಯ್ಯುತ್ತದೆ. ಗಾಳಿ ತೀರಿದೊಡನೆಯೇ ಕೊಳವೆ ತುಂಬಿ ಪೂರ್ಣ ರಭಸದಿಂದ ಹರಿಯುತ್ತದೆ. ಮಟ್ಟವು ಇಳಿದು ಗಾಳಿ ಒಳಹೊಕ್ಕಾಗ ತಾನೇ ನಿಲ್ಲುತ್ತದೆ. ಬಾಗಿಲಿಲ್ಲ, ತಿರುಪಿಲ್ಲ, ತೆರೆಯುವವನಿಲ್ಲ.

ಇದರ ಸೊಗಸೂ ಅಪಾಯವೂ ಒಂದೇ ಕಡೆ ಇವೆ. ತೂಬನ್ನು ತೆರೆದರೆ ನೀರು ಕ್ರಮವಾಗಿ ಹೆಚ್ಚುತ್ತದೆ. ಕೆಳಗಿರುವವನು ಮೇಲೆ ಬರಲು ಹೊತ್ತಿರುತ್ತದೆ. ಸೈಫನ್ನಿನಲ್ಲಿ ಹಾಗಿಲ್ಲ, ಸ್ವಲ್ಪ ನೀರು ಜಿನುಗುತ್ತಿರುವಂತೆಯೇ ಇದ್ದು, ಹಠಾತ್ತಾಗಿ ಎಲ್ಲವೂ ಬರುತ್ತದೆ. 2025ರ ಅಕ್ಟೋಬರ್ ತಿಂಗಳಿನಲ್ಲಿ ವಿಹಾರಕ್ಕೆಂದು ಮಾರ್ಕೋನಹಳ್ಳಿಗೆ ಬಂದು ನೀರಿಗಿಳಿದಿದ್ದ ಒಂದು ಕುಟುಂಬದವರು ಹಠಾತ್ತಾಗಿ ನುಗ್ಗಿದ ನೀರಿಗೆ ಸಿಕ್ಕಿ ಕೊಚ್ಚಿಹೋದರು; ಹಲವರು ಪ್ರಾಣ ಕಳೆದುಕೊಂಡರು. ಅವರಿಗೆ ಬುದ್ಧಿಯಿಲ್ಲವೆನ್ನಲು ಯಾರಿಗೂ ಬಾಯಿಲ್ಲ. ನೀರು ಏರುವುದಾದರೆ ಮೆಲ್ಲಗೆ ಏರುತ್ತದೆಂಬುದು ಹಳ್ಳ ಹೊಳೆಗಳನ್ನು ನೋಡಿದ ನಮ್ಮೆಲ್ಲರ ಕಣ್ಣಿನ ನಂಬಿಕೆ.

ಈ ನಂಬಿಕೆಯನ್ನು ಬಿಡಿಸಲು ಎಚ್ಚರಿಕೆಯ ಫಲಕಕ್ಕಿಂತ ಒಂದು ಬಟ್ಟಲು ಮೇಲು. ಶಿಶುಕೃಷ್ಣನನ್ನು ಹೊತ್ತ ವಸುದೇವನ ಗೊಂಬೆಯಿರುವ ಹಿತ್ತಾಳೆಯ ಬಟ್ಟಲನ್ನು ಕೆಲವರು ನೋಡಿರಬಹುದು. ನೀರು ತುಂಬುತ್ತಾ ಬಂದು ಕೃಷ್ಣನ ಪಾದವನ್ನು ಮುಟ್ಟಿದೊಡನೆಯೇ ಎಲ್ಲ ನೀರೂ ತಳದಿಂದ ಸುರಿದುಹೋಗುತ್ತದೆ. ಗೊಂಬೆಯೊಳಗೆ ಬಾಗಿದ ನಳಿಗೆ ಅಡಗಿರುತ್ತದೆ, ಅಷ್ಟೆ. ಪ್ಲಾಸ್ಟಿಕ್ ಸೀಸೆಯ ಅರ್ಧವನ್ನು ಕತ್ತರಿಸಿ, ತಳದಲ್ಲಿ ತೂತು ಮಾಡಿ, ಸಣ್ಣ ಕೊಳವೆಯನ್ನು ಒಳಗೆ ಕೊಕ್ಕೆಯಂತೆ ಬಗ್ಗಿಸಿ ಕೂರಿಸಿ, ಸಂದಿಗೆ ಮೇಣ ಮೆತ್ತಿದರೆ ಇದೇ ಸಿದ್ಧವಾಗುವುದು. ನಮ್ಮ ಹುಡುಗರು ಅದರ ಕೆಳಗೆ ಇರುವೆಯಷ್ಟು ಗಾತ್ರದ ಜೇಡಿಮಣ್ಣಿನ ಮನುಷ್ಯರನ್ನು ನಿಲ್ಲಿಸಿ ನೀರು ಹೊಯ್ದರು. ಕೊಕ್ಕೆ ಮುಳುಗುವವರೆಗೂ ಒಂದು ಹನಿ ಇಲ್ಲ. ಮುಳುಗಿದ ಮೇಲೆ ಒಬ್ಬ ಮನುಷ್ಯನೂ ಉಳಿಯಲಿಲ್ಲ. ನೋಡುತ್ತಿದ್ದವರಲ್ಲಿ ಯಾರೂ ನಗಲಿಲ್ಲ. ಅಣೆಕಟ್ಟಿನ ಕೆಳಗಣ ಗ್ರಾಮಗಳ ಮುಖಂಡರು ತಮ್ಮ ಊರಿನ ಶಾಲೆಯಲ್ಲಿ ಒಂದು ಮಧ್ಯಾಹ್ನ ಇದನ್ನು ಮಾಡಿಸಿದರೆ, ಆ ಮಕ್ಕಳು ಮನೆಗೆ ಬಂದ ನೆಂಟರನ್ನು ತಾವೇ ದಡದಲ್ಲಿ ನಿಲ್ಲಿಸಿಕೊಳ್ಳುವರು.

ಉಪ್ಪಾರಹಳ್ಳಿಯ ಯಜಮಾನರ ತೋಟದಲ್ಲಿ ಈಗ ನೀರು ಓಡುತ್ತಿದೆ. ಅಡಿಕೆ ಸಸಿಗಳಲ್ಲಿ ಮೂರರಲ್ಲೊಂದು ಪಾಲು ಹೋಯಿತು, ಉಳಿದವು ಚಿಗುರಿವೆ. ಹೋದ ವಾರ ಅಲ್ಲಿಗೆ ಹೋಗಿದ್ದಾಗ ಮೊಮ್ಮಗನು ಇನ್ನೊಂದು ಪ್ರಶ್ನೆಯನ್ನು ಇಟ್ಟುಕೊಂಡು ಕಾದಿದ್ದನು. ಎತ್ತರಕ್ಕೆ ಹೋದಂತೆ ಗಾಳಿ ಕಡಮೆಯಾದರೆ, ದೇವರಾಯನದುರ್ಗದ ಬೆಟ್ಟದ ಮೇಲೆ ಸುಣ್ಣದ ಪಟ್ಟೆಯನ್ನು ಎಷ್ಟು ಕೆಳಗೆ ಬಳಿಯಬೇಕು? ಫ್ರಾನ್ಸ್ ದೇಶದಲ್ಲಿ ಪಾಸ್ಕಲನ ಭಾವನು 1648ರಲ್ಲಿ ಪಾದರಸದ ನಳಿಗೆಯನ್ನು ಬೆಟ್ಟಕ್ಕೆ ಹೊತ್ತು ಪರೀಕ್ಷಿಸಿದ್ದು ಇದನ್ನೇ. ದುರ್ಗವು ತುಮಕೂರಿಗಿಂತ ಸುಮಾರು 1,250 ಅಡಿ ಎತ್ತರ. ನನ್ನ ಲೆಕ್ಕಕ್ಕೆ ಒಂದು ಅಡಿ ಮೂರು ನಾಲ್ಕು ಅಂಗುಲ ಬರುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಮಡಿಸಿ ಮುದುಕನ ಸೊಂಟದ ಚೀಲದಲ್ಲಿ ಇಡಿಸಿದ್ದೇನೆ. ಹುಡುಗನ ಊಹೆ ಅರ್ಧ ಅಡಿ, ಯಜಮಾನರದು ಐದು ಅಡಿ. ರಾಗಿಯ ಕೊಯ್ಲು ಮುಗಿದ ಮೇಲೆ, ಕಾಯಿಸಿ ಆರಿಸಿದ ನೀರನ್ನೂ ಕೊಳವೆಯನ್ನೂ ಹೊತ್ತು ಬೆಟ್ಟಕ್ಕೆ ಹೋಗಿ, ಕಡಿದಾದ ಬಂಡೆಯೊಂದರ ಮೇಲಿಂದ ಇಳಿಬಿಟ್ಟು ಅಳೆಯುವುದೆಂದು ನಿಶ್ಚಯವಾಗಿದೆ.